ನಾಲ್ಕನೇ ಬುರುಜಿನ ಹಲಗೆ

ಎರಡು ವರ್ಷದಿಂದ ಗದಿಗೆಮ್ಮ ಯಾರನ್ನೂ ಕೂಗಿ ಕರೆದಿರಲಿಲ್ಲ.

ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಅವಳದೊಂದು ಕೋಣೆ. ತರಕಾರಿ ಗಾಡಿಯವನು ಬಾಗಿಲು ದಾಟಿ ಮುಂದೆ ಹೋದರೆ ನಿಂತಲ್ಲಿಂದ ಕರೆಯುತ್ತಿರಲಿಲ್ಲ, ಚಪ್ಪಲಿ ಮೆಟ್ಟಿ ಅವನ ಹಿಂದೆ ಓಡುತ್ತಿದ್ದಳು. ಬಸ್ಸು ನಿಲ್ಲಿಸದಿದ್ದರೆ ನಡೆದೇ ಹೋಗುತ್ತಿದ್ದಳು. ಫೋನು ಬಂದರೆ ಹೂಂ ಅನ್ನುತ್ತಿದ್ದಳು. ಗಲ್ಲಿಯವರು ಮೊದಮೊದಲು ಗಂಡ ಸತ್ತ ದುಃಖ ಅಂದುಕೊಂಡರು. ಆಮೇಲೆ ಸೊಕ್ಕು ಅಂದರು. ಅವಳಿಗೆ ಇದ್ದದ್ದು ತನ್ನ ದನಿಯ ಅಂಜಿಕೆ.

ಅವಳ ಊರು ಯಾದಗಿರಿ ಕಡೆ. ಮದುವೆಯಾದ ವರ್ಷವೇ ಗಂಡ ಸೂಗಪ್ಪನ ಜೊತೆ ಹೈದರಾಬಾದಿಗೆ ಬಂದಳು. ಅವನದು ಸೆಂಟ್ರಿಂಗ್ ಕೆಲಸ. ಸ್ಲ್ಯಾಬು ಹಾಕುವ ಮೊದಲು ಕೆಳಗೆ ಹಲಗೆ ಹಾಸಿ ಕಟ್ಟಿಗೆ ಆನಿಸಿ ನಿಲ್ಲಿಸಬೇಕು, ಅದು. ಅವಳು ಅದೇ ಕಟ್ಟಡದಲ್ಲಿ ಇಟ್ಟಿಗೆ, ಮರಳು ಹೊರುತ್ತಿದ್ದಳು. ಹೀಗೆ ಇಪ್ಪತ್ತೈದು ವರ್ಷ. ಮಗಳು ಸುಮಂಗಲಾ ಇಲ್ಲೇ ಹುಟ್ಟಿ ಊರ ಕಡೆಗೇ ಮದುವೆಯಾಗಿ ಹೋದಳು.

ಅತ್ತೆ ಅವಳಿಗೆ ಮನೆ ತುಂಬಿಸಿಕೊಂಡ ದಿನವೇ ಎರಡು ಮಾತು ಹೇಳಿದ್ದಳು. ಗಂಡನ ಹೆಸರು ಬಾಯಲ್ಲಿ ತರಬಾರದು, ಆಯುಷ್ಯ ಕಡಿಮೆಯಾಗುತ್ತದೆ. ಹೊರಟವನನ್ನು ಬೆನ್ನ ಹಿಂದಿನಿಂದ ಕರೆಯಬಾರದು, ಕೇಡಾಗುತ್ತದೆ. ಮೊದಲನೆಯದನ್ನು ಗದಿಗೆಮ್ಮ ಪಾಲಿಸಿದಳು. ಎರಡನೆಯದು ಕೆಲಸದ ಗದ್ದಲದಲ್ಲಿ ಮರೆತೇ ಹೋಯಿತು.

ಆ ದಿನ ಕಟ್ಟಡ ನಾಲ್ಕನೇ ಮಾಳಿಗೆಗೆ ಬಂದಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿಟ್ಟು ಕೆಳಗೆ ನಿಂತು ಮೇಲೆ ನೋಡಿದಳು. ಸೂಗಪ್ಪ ಹೆಗಲ ಮೇಲೆ ಹಲಗೆ ಹೊತ್ತು ಒಳಗೆ ನಡೆಯುತ್ತಿದ್ದ. ಬೆನ್ನು ಕಂಡಿತು, ಮರೆಯಾಯಿತು. ಅವಳು ಸೆರಗಿಗೆ ಕೈ ಒರೆಸಿಕೊಂಡು, "ಏನ್ರೀ, ಉಣ್ಣಾಕ ಬರ್ರೀ" ಎಂದು ಕೂಗಿದಳು. ಕೂಗಿದ ಹಿಂದೆಯೇ ಮೇಲಿನಿಂದ ಯಾರೋ ಚೀರಿದರು. ಲಿಫ್ಟಿಗೆಂದು ಬಿಟ್ಟು ಮೇಲೆ ಹಲಗೆ ಹಾಸಿದ್ದ ಗುಂಡಿಯೊಳಗೆ ಸೂಗಪ್ಪ ಬಿದ್ದಿದ್ದ.

ಪೊಲೀಸರು ಬಂದಾಗ ವಾಚ್‌ಮನ್ ತೆಲುಗಿನಲ್ಲಿ ಹೇಳಿದ. ಈಕೆ ಕರೆದಳು, ಅವನು ಬಿದ್ದ. ಅಷ್ಟೇ ಹೇಳಿದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮಾತು ಊರಿಗೂ ಮುಟ್ಟಿತು. ಹೆಣದ ಮುಂದೆ ಕುಳಿತಿದ್ದ ಅತ್ತೆ ಒಂದು ಸಲ ತಲೆಯೆತ್ತಿ ಗದಿಗೆಮ್ಮನ ಮುಖ ನೋಡಿದಳು. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆಮೇಲೆ ಅವಳ ಬಾಯಿ ಕಟ್ಟಿಹೋಯಿತು. ಎದುರಿಗೆ ಕುಳಿತವರ ಜೊತೆ ಮಾತಾಡುತ್ತಿದ್ದಳು, ದೂರದವರನ್ನು ಕರೆಯಲು ಬರುತ್ತಿರಲಿಲ್ಲ. ಹೋದ ಯುಗಾದಿಗೆ ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗು ಅಂಗಳದ ಕಟ್ಟೆಯ ಅಂಚಿಗೆ ತಪ್ಪುಹೆಜ್ಜೆ ಇಡುತ್ತಾ ಹೊರಟಿತು. ಗದಿಗೆಮ್ಮ ನೋಡುತ್ತಿದ್ದಳು. ಕರೆದರೆ ನಿಲ್ಲುತ್ತಿತ್ತು. ಕರೆದರೆ ಬೀಳುತ್ತದೆ ಎಂದು ಅವಳ ನಾಲಿಗೆ ಒಣಗಿತು. ಮಗು ಬಿತ್ತು, ತುಟಿ ಒಡೆಯಿತು.

"ಬಾಯಿ ಬಿದ್ದೈತೇನು ನಿನಗ? ಇಲ್ಲೇ ಕುಂತೀದಿ, ಒಂದು ಮಾತು ಕರಿಯಾಕ ಏನಾಗಿತ್ತು?" ಎಂದು ಸುಮಂಗಲಾ ಬೈದಳು. ಗದಿಗೆಮ್ಮ ಮಾರನೆಯ ದಿನವೇ ರೈಲು ಹತ್ತಿದಳು.

ಕಟ್ಟಡದ ಕೆಲಸಕ್ಕೆ ಮತ್ತೆ ಹೋಗಲಿಲ್ಲ. ನಾರಾಯಣಗೂಡದಲ್ಲಿ, ಕೋಚಿಂಗ್ ಸೆಂಟರುಗಳ ಸಾಲಿನಲ್ಲಿ, ಎರಡು ಕೋಣೆಯ ಆಫೀಸೊಂದರಲ್ಲಿ ಕಸ ಗುಡಿಸಿ ಚಹಾ ಮಾಡಿಕೊಡುವ ಕೆಲಸ ಸಿಕ್ಕಿತು. ಮೆಟ್ಟಿಲು ಹತ್ತಬೇಕಾಗಿಲ್ಲ ಎಂದು ನೋಡಿಕೊಂಡೇ ಒಪ್ಪಿದಳು. ಅಲ್ಲಿ ಇದ್ದವರು ಇಬ್ಬರೇ, ಮೈಸೂರಿನ ಸೃಜನ್, ಉಡುಪಿ ಕಡೆಯ ಪೂರ್ವಿ. ದೊಡ್ಡ ಕಂಪನಿ ಬಿಟ್ಟು ಬಂದು ವಿಡಿಯೊ ಗೇಮು ತಯಾರು ಮಾಡುತ್ತಿದ್ದರು. ಅದನ್ನು ನಂಬಲು ಗದಿಗೆಮ್ಮನಿಗೆ ಒಂದು ತಿಂಗಳು ಹಿಡಿಯಿತು.

"ದಿನಾ ಇದನ್ನ ಆಡ್ಕೋತ ಕುಂದರ್ತೀರಿ. ಕೆಲಸ ಯಾವಾಗ ಮಾಡ್ತೀರಿ ತಮ್ಮಾ?"

"ಇದೇ ಕೆಲಸ ಅಮ್ಮ" ಎಂದ ಸೃಜನ್.

"ನಿಮ್ಮ ಅವ್ವಗ ಗೊತ್ತೈತೇನು?"

ಪೂರ್ವಿ ನಕ್ಕಳು. "ಎಲ್ಲಿಂದ ಗೊತ್ತು? ಇವನು ಇನ್ನೂ ಹಳೇ ಕಂಪನಿಯಲ್ಲೇ ಇದ್ದಾನೆ ಅಂತ ಅವರ ಅಮ್ಮ ಊರಿಡೀ ಹೇಳ್ತಿದ್ದಾರೆ."

"ನೀನು ಬಾಯ್ಮುಚ್ಕೊಂಡು ಕೆಲಸ ಮಾಡು" ಎಂದ ಅವನು.

ಒಂದು ದಿನ ಸೃಜನ್ ಎಲ್ಲಿಂದಲೋ ಡಬ್ಬದಂಥ ಹಳೇ ಟಿವಿ ತಂದು ಮೂಲೆಯಲ್ಲಿಟ್ಟ. ಕ್ಯಾಸೆಟ್ ಹಾಕುವ ಹಳೇ ಗೇಮಿನ ಪೆಟ್ಟಿಗೆಯನ್ನೂ ಅದಕ್ಕೆ ಜೋಡಿಸಿದ. ಗದಿಗೆಮ್ಮ ಆ ಕಡೆ ಬೆನ್ನು ಮಾಡಿ ಕಸ ಗುಡಿಸುತ್ತಿದ್ದಳು. ಟಿವಿಯಿಂದ ಟೀಂ ಟಿಟಿ ಟೀಂ ಎಂದು ಒಂದು ಹಾಡು ಹೊರಟಿತು. ಅವಳ ಕೈಯಲ್ಲಿ ಪೊರಕೆ ನಿಂತಿತು.

ಅದು 'ಬುರುಜು'.

ಆ ಗೇಮು ಅವಳ ಮನೆಯಲ್ಲೂ ಇತ್ತು. ಸುಮಂಗಲಾ ಸಣ್ಣವಳಿದ್ದಾಗ ಸೂಗಪ್ಪ ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಮಗಳಿಗೆಂದು ತಂದ. ಮಗಳು ಎರಡು ದಿನ ಆಡಿ ಬಿಟ್ಟಳು, ಅಪ್ಪ ಬಿಡಲಿಲ್ಲ. ಕತ್ತಿ ಹಿಡಿದ ಒಬ್ಬ ಸಿಪಾಯಿ ಕೋಟೆಯ ಬುರುಜುಗಳನ್ನು ಒಂದೊಂದಾಗಿ ಹತ್ತಬೇಕು. ಹಲಗೆಯಿಂದ ಹಲಗೆಗೆ ಹಾರಬೇಕು, ಎದುರು ಬಂದವರನ್ನು ಕಡಿಯಬೇಕು. ಮೂರು ಜೀವ. ಮೂರೂ ಹೋದರೆ ಮೊದಲಿನಿಂದ.

ನಾಲ್ಕನೇ ಬುರುಜಿನಲ್ಲಿ ಒಂದು ಹಲಗೆ ಇತ್ತು. ಅದರ ಮೇಲೆ ಕಾಲಿಟ್ಟರೆ ಕಿರ್ ಎಂದು ಅಲುಗಾಡುತ್ತಿತ್ತು. ಒಂದು, ಎರಡು ಎಣಿಸುವ ತನಕ ನಿಲ್ಲಬೇಕು. ಮುಂಚೆ ಹಾರಿದರೆ ಮೇಲಿನಿಂದ ಕಲ್ಲು ಬೀಳುತ್ತದೆ. ಮೂರಕ್ಕೆ ಹಾರಬೇಕು. ತಡವಾದರೆ ಹಲಗೆ ಕಳಚುತ್ತದೆ. ಸೂಗಪ್ಪನ ಕಣ್ಣು ಕಲ್ಲಿನ ಮೇಲೆ ಇರುತ್ತಿತ್ತು, ಎಣಿಕೆ ತಪ್ಪುತ್ತಿತ್ತು. ಹಿಂದೆ ಕುಳಿತು ಸೊಪ್ಪು ಸೋಸುತ್ತಿದ್ದ ಗದಿಗೆಮ್ಮ ಎಣಿಸಿ, "ಈಗ್ರೀ" ಅನ್ನುತ್ತಿದ್ದಳು. ಅವನು ಹಾರುತ್ತಿದ್ದ. ಅವಳು ಹೇಳದೆ ಅವನು ಆ ಹಲಗೆ ದಾಟಿದ್ದೇ ಇಲ್ಲ.

ಬಿದ್ದರೆ ಹಾಡು ನಿಂತು ಟಿವಿ ಕಪ್ಪಾಗುತ್ತಿತ್ತು. ಸೂಗಪ್ಪ ಚಾಪೆಯ ಮೇಲೆ ಅಂಗಾತ ಮಲಗಿ ನಾಲಿಗೆ ಹೊರಗೆ ಹಾಕಿ, "ಹೋದ ನೋಡು ನಿನ್ನ ಗಂಡ" ಅನ್ನುತ್ತಿದ್ದ. ಅವಳು ಕಾಲಬೆರಳಿನಿಂದ ತಿವಿದು, "ಇನ್ನೂ ಎರಡು ಜೀವ ಅದಾವು, ಏಳ್ರಿ" ಅನ್ನುತ್ತಿದ್ದಳು.

ಈಗ ನಾರಾಯಣಗೂಡದ ಆಫೀಸಿನಲ್ಲಿ ಸೃಜನ್ ಆ ಹಲಗೆಯ ಮೇಲೆ ಮೂರು ಸಲ ಸತ್ತು, ಮೊದಲಿನಿಂದ ಮತ್ತೆ ಹತ್ತಿ ಬಂದಿದ್ದ. ನಾಲ್ಕನೇ ಸಲ ಹಲಗೆ ಕಿರ್ ಎಂದಿತು. ಗದಿಗೆಮ್ಮ ತಿರುಗಿ ನೋಡಲಿಲ್ಲ. ಅವಳ ಬಾಯಿ ತಾನೇ ತೆರೆಯಿತು.

"ಈಗ್ರೀ."

ಸೃಜನನ ಬೆರಳು ಒತ್ತಿತು. ಸಿಪಾಯಿ ದಾಟಿದ.

"ಅಯ್ಯೋ ದೇವ್ರೆ, ಬೆಳಿಗ್ಗೆಯಿಂದ ಸಾಯ್ತಾ ಇದ್ದೆ" ಎಂದು ಸೃಜನ್ ತಿರುಗಿದ. ಗದಿಗೆಮ್ಮ ಗೋಡೆಗೆ ಆನಿಕೊಂಡು ನಿಂತಿದ್ದಳು. ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಎರಡು ವರ್ಷದ ಮೇಲೆ ಹೊರಬಂದ ಕೂಗು ಅದು. ಇದು ಯಾರ ಮೇಲೆ ಹೋಗಿ ಬೀಳುತ್ತದೋ ಎಂದು ಅವಳು ಆ ಇಡೀ ದಿನ ಕಾದಳು. ಸಂಜೆ ಮಗಳಿಗೆ ಫೋನು ಮಾಡಿ ಎಲ್ಲರೂ ಇದ್ದೀರಾ ಎಂದು ಕೇಳಿದಳು. ಎಲ್ಲರೂ ಇದ್ದರು.

ಆ ಇಬ್ಬರೂ ಮಾಡುತ್ತಿದ್ದದ್ದು 'ಬುರುಜು ಎರಡು' ಎಂದು ಅವಳಿಗೆ ಮರುದಿನ ತಿಳಿಯಿತು. ಹಳೆಯದನ್ನು ಮಾಡಿದವರ ಒಪ್ಪಿಗೆ ತೆಗೆದುಕೊಂಡು, ಹಳೆಯದರಂತೆಯೇ ಚೌಕ ಚೌಕದ ಚಿತ್ರ, ಹಳೆಯ ಹಾಡನ್ನೇ ಸ್ವಲ್ಪ ತಿದ್ದಿ, ಎರಡನೇ ಭಾಗ ಕಟ್ಟುತ್ತಿದ್ದರು. ಹಳೆಯದನ್ನು ಚೆನ್ನಾಗಿ ಬಲ್ಲವರು ಬೇಕಾಗಿತ್ತು.

"ನೀವು ಕೂಗೋದೇನೂ ಬೇಡ ಅಮ್ಮ" ಎಂದಳು ಪೂರ್ವಿ. "ಸುಮ್ಮನೆ ಹಿಂದೆ ಕೂತು ನೋಡಿ. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಹೇಳಿ. ಚಂದ ಇಲ್ಲದಿದ್ದರೆ ಇಲ್ಲ ಅನ್ನಿ. ಇವನಿಗೆ ಬೇಜಾರಾದ್ರೆ ಆಗ್ಲಿ."

ಗದಿಗೆಮ್ಮ ಬೇಡ ಅನ್ನಬಹುದಿತ್ತು. ಆ ಹಾಡು ಕೇಳಿದರೆ ಚಾಪೆಯ ಮೇಲೆ ಯಾರೋ ಇದ್ದಂತೆ ಆಗುತ್ತಿತ್ತು. ಅದಕ್ಕೇ ಕುಳಿತಳು.

ಎರಡನೆಯದು ಕಣ್ಣಿಗೆ ಚಂದವಿತ್ತು. ಮೊದಲಿನದರಲ್ಲಿ ಆಕಾಶ ಬರೀ ಕಪ್ಪು, ಇದರಲ್ಲಿ ಸಂಜೆಯ ಬಣ್ಣ, ಹಾರುವ ಹಕ್ಕಿ, ಬುರುಜಿನ ಮೇಲೆ ಪಟಪಟ ಎನ್ನುವ ಬಾವುಟ. ಸಿಪಾಯಿಯ ರುಮಾಲಿನ ಚುಂಗು ಗಾಳಿಗೆ ಹಾರುತ್ತಿತ್ತು. ಅದೊಂದನ್ನು ಮಾಡಲು ಸೃಜನ್ ಹದಿನೈದು ದಿನ ಕುಳಿತಿದ್ದನಂತೆ.

"ಹೆಂಗಿದೆ ಅಮ್ಮ?"

"ಇಂವ ಹಗುರ ಅದಾನ."

"ಹಗುರ ಅಂದ್ರೆ?"

"ಮೊದಲಿನಂವ ಭಾರ ಇದ್ದ. ಹಾರಿದ್ರ ಧಪ್ ಅಂತ ಕೂಡ್ತಿದ್ದ. ದುಡಿಯಾಂವನ ಕಾಲು ಅವು. ಇಂವ ಗಾಳಿಪಟ ಇದ್ದಂಗ ಅದಾನ. ರುಮಾಲು ಚಂದ ಐತಿ ಬಿಡು."

ಪೂರ್ವಿ ಮೇಜು ಬಡಿದು ನಕ್ಕಳು. ಸೃಜನ್ ನಗಲಿಲ್ಲ, ಬರೆದುಕೊಂಡ.

ಮತ್ತೊಂದು ದಿನ ಹೇಳಿದಳು. "ಮೊದಲಿನಂವ ಅಂಚಿಗೆ ಹೋದ್ರ ಎರಡೂ ಕೈ ಎತ್ತಿ ತೂಗಾಡ್ತಿದ್ದ. ಬೀಳ್ತಾನ ಅಂತ ನಮಗ ಗೊತ್ತಾಗ್ತಿತ್ತು. ಇಂವ ತೂಗಾಡಂಗಿಲ್ಲ. ಅಂಚು ಮುಗೀತು, ಹೋದ."

ಇನ್ನೊಂದು ದಿನ ತಾನಾಗಿಯೇ ಹೇಳಿದಳು. "ಅದರಾಗ ಸತ್ರ ಹಾಡು ನಿಲ್ತಿತ್ತು. ಕತ್ತಲಾಗ್ತಿತ್ತು. ಇದರಾಗ ಬಿದ್ದ ಕೂಡ್ಲೆ ಎದ್ದು ನಿಲ್ತಾನ. ಹಾಡು ನಡದ ಇರ್ತದ. ಸತ್ತದ್ದಕ್ಕ ಏನೂ ಕಿಮ್ಮತ್ತಿಲ್ಲ."

"ಈಗಿನವರಿಗೆ ಕಾಯೋ ತಾಳ್ಮೆ ಇಲ್ಲ ಅಮ್ಮ. ಕತ್ತಲೆ ಮಾಡಿದ್ರೆ ಎದ್ದು ಹೋಗ್ತಾರೆ."

"ಹೋಗ್ಲಿ" ಎಂದಳು ಗದಿಗೆಮ್ಮ. "ಸ್ವಲ್ಪ ಹೊತ್ತು ಸುಮ್ಮನ ಇರಬೇಕಾಗ್ತದ."

ಹೀಗೆ ಮೂರು ವಾರ. ಒಂದು, ಎರಡು, ಮೂರನೇ ಬುರುಜು ಮುಗಿದವು. ಅವಳು ಹೇಳಿದ್ದನ್ನು ಅವರು ತಿದ್ದುತ್ತಿದ್ದರು. ಎಲ್ಲವನ್ನೂ ಅಲ್ಲ, ಕೆಲವನ್ನು. ಸಿಪಾಯಿಗೆ ಸ್ವಲ್ಪ ಭಾರ ಬಂತು. ನಾಲ್ಕನೆಯದಕ್ಕೆ ಬಂದರು. ಮೊದಲಿನ ಆಟದ ಆ ಹಲಗೆ ಎರಡನೆಯದರಲ್ಲೂ ಇತ್ತು. ಹಳೆಯದನ್ನು ಆಡಿದವರು ಕಂಡು ಖುಷಿಪಡಲಿ ಎಂದು ಬೇಕೆಂದೇ ಇಟ್ಟಿದ್ದರು.

ಆ ದಿನ ಪೂರ್ವಿ ಕೇಳಿದಳು. "ಅಮ್ಮ, ಇದೊಂದಕ್ಕೆ ನೀವು ಹೇಳ್ತೀರಾ? ಹಳೆಯದರ ಎಣಿಕೆ ಇದಕ್ಕೆ ಹೊಂದ್ತದಾ ಅಂತ ನೋಡಬೇಕು."

ಗದಿಗೆಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಹೋದ ತಿಂಗಳ ಕೂಗಿನಿಂದ ಯಾರಿಗೂ ಏನೂ ಆಗಿಲ್ಲ. ಈ ಸಿಪಾಯಿ ಆಟದೊಳಗಿನವನು. ಬಿದ್ದರೂ ಏಳುತ್ತಾನೆ. ಹಾಗೆಂದು ತನಗೆ ತಾನೇ ಹೇಳಿಕೊಂಡಳು.

"ಆತು" ಎಂದಳು.

ಸೃಜನ್ ಆಡಲು ಕುಳಿತ. ಮೇಜಿನ ಮೇಲೆ ಹೆಬ್ಬೆರಳಿನಷ್ಟು ಮೈಕು ಇಟ್ಟರು. ಆಡುವುದು, ಮಾತಾಡುವುದು ಎಲ್ಲವೂ ಕಂಪ್ಯೂಟರಿನಲ್ಲಿ ಉಳಿಯಬೇಕು, ಆಮೇಲೆ ನೋಡಿ ತಿದ್ದುತ್ತಾರೆ. ಗದಿಗೆಮ್ಮ ಹಿಂದೆ ಸ್ಟೂಲಿನ ಮೇಲೆ ಕುಳಿತಳು. ಸಿಪಾಯಿ ಮೇಲೆ ಮೇಲೆ ಹೋದ. ಹಲಗೆಯ ಮೇಲೆ ಕಾಲಿಟ್ಟ. ಬೆನ್ನು ಇತ್ತ ಇತ್ತು. ಒಂದು. ಎರಡು.

"ಈಗ್ರೀ."

ಸಿಪಾಯಿ ಬಿದ್ದ.

"ನಂದೇ ತಡ ಆಯ್ತು, ಇನ್ನೊಂದ್ಸಲ" ಎಂದ ಸೃಜನ್.

ಒಂದು. ಎರಡು. "ಈಗ್ರೀ." ಬಿದ್ದ.

ಮತ್ತೆ. ಬಿದ್ದ. ಮತ್ತೆ. ಈ ಆಟದಲ್ಲಿ ಕತ್ತಲಾಗುವುದಿಲ್ಲ. ಸತ್ತವನು ಕೂಡಲೇ ಎದ್ದು ಹಲಗೆಯ ಕಡೆ ನಡೆಯುತ್ತಾನೆ, ಹಾಡು ನಡೆದೇ ಇರುತ್ತದೆ. ಅವಳು ಕೂಗುವುದು, ಅವನು ಬೀಳುವುದು. ಅವಳು ಕೂಗುವುದು, ಅವನು ಬೀಳುವುದು. ಏಳನೆಯದೋ ಎಂಟನೆಯದೋ ಸಲ ಅವಳಿಗೆ ಸಿಪಾಯಿಯ ಹೆಗಲ ಮೇಲೆ ಹಲಗೆ ಕಂಡಿತು. ವಾಚ್‌ಮನ್‌ನ ದನಿ ಕೇಳಿಸಿತು. ಈಕೆ ಕರೆದಳು, ಅವನು ಬಿದ್ದ.

ಸ್ಟೂಲು ಉರುಳಿತು. ಪೂರ್ವಿ ತಿರುಗಿ ನೋಡುವಷ್ಟರಲ್ಲಿ ಗದಿಗೆಮ್ಮ ಬಾಗಿಲು ದಾಟಿದ್ದಳು. ಚಪ್ಪಲಿಯನ್ನೂ ಮೆಟ್ಟಿರಲಿಲ್ಲ.

ಎರಡು ದಿನ ಅವಳು ಕೋಣೆಯಿಂದ ಹೊರಗೆ ಬರಲಿಲ್ಲ. ಒಲೆ ಹಚ್ಚಲಿಲ್ಲ. ಸ್ಟೇಷನ್ನಿನಲ್ಲಿ ರೈಲಿನ ಹೆಸರು ಕೂಗುವುದು ಗೋಡೆ ದಾಟಿ ಬರುತ್ತಿತ್ತು. ಹಾಗೆ ಕೂಗಿದಾಗಲೆಲ್ಲ ಅವಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಹಿಂದೆ ಅನುಮಾನವಿತ್ತು, ಈಗ ಸಾಕ್ಷಿ ಸಿಕ್ಕಿದಂತಾಗಿತ್ತು. ಗೊಂಬೆಯನ್ನು ಕರೆದರೂ ಗೊಂಬೆ ಬೀಳುತ್ತದೆ. ಸುಮಂಗಲಾ ಫೋನು ಮಾಡಿದಾಗ ಎತ್ತಲಿಲ್ಲ. ಆ ಕಡೆ ಮೊಮ್ಮಗು ಇರುತ್ತದೆ.

ಮೂರನೆಯ ದಿನ ಬೆಳಿಗ್ಗೆ ಪೂರ್ವಿ ಗಲ್ಲಿ ಹುಡುಕಿಕೊಂಡು ಬಂದಳು. ಒಂದು ಕೈಯಲ್ಲಿ ಅವಳ ಚಪ್ಪಲಿ, ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪ್.

"ಇದೆಂಥ ಮನೆ ಅಮ್ಮ, ಮೂರು ಸಲ ಇದೇ ಹಂದಿಗೂಡಿನ ಹತ್ತಿರ ಬಂದು ತಿರುಗಿ ಹೋದೆ" ಎನ್ನುತ್ತ ಒಳಗೆ ಬಂದು ಚಾಪೆಯ ಮೇಲೆ ಕುಳಿತಳು. ಆಮೇಲೆ ಗದಿಗೆಮ್ಮನ ಮುಖ ನೋಡಿ ದನಿ ತಗ್ಗಿಸಿದಳು. "ಎಂಥ ಆಯ್ತು?"

"ನಾ ಬರಂಗಿಲ್ಲ ಯವ್ವಾ. ಬ್ಯಾರೆಯವ್ರನ್ನ ನೋಡ್ಕೋರಿ."

"ನೀವು ಎದ್ದು ಹೋದದ್ದು ನಮ್ಮ ತಪ್ಪಿಗೆ. ಅದನ್ನೇ ಹೇಳ್ಲಿಕ್ಕೆ ಬಂದೆ. ಇಲ್ಲಿ ನೋಡಿ."

ಅವಳು ಲ್ಯಾಪ್‌ಟಾಪ್ ತೆರೆದಳು. ಗದಿಗೆಮ್ಮ ಕಣ್ಣು ಮುಚ್ಚಿಕೊಂಡಳು.

"ಬ್ಯಾಡ. ನಾ ನೋಡಂಗಿಲ್ಲ."

"ನಿಧಾನವಾಗಿ ಓಡಿಸ್ತೇನೆ. ಒಂದೇ ಸಲ. ಆಮೇಲೆ ಬರುವುದು ಬಿಡುವುದು ನಿಮ್ಮ ಇಷ್ಟ."

ಗದಿಗೆಮ್ಮ ಕಣ್ಣು ತೆರೆದಳು. ಸಿಪಾಯಿ ನೀರಿನೊಳಗೆ ನಡೆದಂತೆ ನಡೆದು ಬಂದ. ಹಲಗೆಯ ಮೇಲೆ ಕಾಲಿಟ್ಟ. ಹಲಗೆಯ ಒಂದು ಮೂಲೆ ಕಳಚಿತು. ಇನ್ನೊಂದು ಮೂಲೆ ಕಳಚಿತು. ಸಿಪಾಯಿಯ ಕಾಲ ಕೆಳಗೆ ಏನೂ ಇರಲಿಲ್ಲ. ಅವನಿನ್ನೂ ನಿಂತಂತೆಯೇ ಕಾಣುತ್ತಿದ್ದ. ಆಮೇಲೆ ಅವಳ ದನಿ ಕೇಳಿಸಿತು, ಎಮ್ಮೆ ಒದರಿದಂತೆ ಎಳೆದು ಎಳೆದು. ಈ... ಗ್ರೀ...

"ನೋಡಿದ್ರಾ? ಹಲಗೆ ಮೊದಲು ಹೋಯ್ತು. ನಿಮ್ಮ ದನಿ ಆಮೇಲೆ ಬಂತು. ಎಂಟು ಸಲವೂ ಹೀಗೇ. ಹಳೆಯದರಲ್ಲಿ ಮೂರು ಎಣಿಸುವಷ್ಟು ಹೊತ್ತು ಇತ್ತು. ಎರಡನೆಯದು ಸುಲಭ ಅಂತ ಜನ ಅನ್ನಬಾರದು ಅಂತ ಸೃಜನ್ ಅದನ್ನು ಕತ್ತರಿಸಿದ್ದಾನೆ. ನನಗೂ ಹೇಳಿಲ್ಲ ಮಹಾರಾಯ. ನೀವು ಹಳೇ ಲೆಕ್ಕದಲ್ಲೇ ಎಣಿಸಿದಿರಿ. ಬೇಗ ಓಡಿದಾಗ ಎರಡೂ ಒಟ್ಟಿಗೆ ಆದ ಹಾಗೆ ಕಾಣ್ತದೆ."

"ಮತ್ತೊಮ್ಮೆ ತೋರಸು."

ಪೂರ್ವಿ ತೋರಿಸಿದಳು.

"ಮತ್ತೊಮ್ಮೆ."

ಐದಾರು ಸಲ ನೋಡಿದಳು. ಮೂಲೆ ಕಳಚುತ್ತದೆ, ಮೂಲೆ ಕಳಚುತ್ತದೆ, ಆಮೇಲೆ ದನಿ. ಗದಿಗೆಮ್ಮ ಗೋಡೆಗೆ ಒರಗಿದಳು. ಯಾರಿಗೂ ಹೇಳದ ಮಾತು ಹೇಳಿದಳು, ನಾಲ್ಕೇ ಮಾತಿನಲ್ಲಿ. ಅವರು ಮ್ಯಾಲಿದ್ರು. ನಾ ಕೆಳಗಿದ್ದೆ. ನಾ ಕರದೆ. ಅವರು ಬಿದ್ರು.

ಪೂರ್ವಿ ಲ್ಯಾಪ್‌ಟಾಪ್ ಮುಚ್ಚಿದಳು.

"ಆಗ ಮೇಲೆ ಅವರ ಜೊತೆ ಯಾರಾದ್ರೂ ಇದ್ರಾ ಅಮ್ಮ?"

"ಪರಮೇಶ ಇದ್ದ. ನಮ್ಮೂರ ಕಡೆಯಾಂವ. ಇವರ ಕೂಡ ಕೆಲಸ ಮಾಡಾಂವ."

"ಅವರನ್ನು ಕೇಳಿದ್ರಾ?"

"ಇಲ್ಲ."

"ಎರಡು ವರ್ಷದಿಂದ?"

"ಅಂವ ಹೌದು ಅಂದ್ರ?"

ಪೂರ್ವಿ ಚಪ್ಪಲಿಯನ್ನು ಬಾಗಿಲ ಬದಿ ಜೋಡಿಸಿಟ್ಟು ಹೋದಳು.

ಪರಮೇಶ ಎಲ್ಲಿ ಸಿಗುತ್ತಾನೆ ಎಂದು ಗದಿಗೆಮ್ಮನಿಗೆ ಗೊತ್ತಿತ್ತು. ಅದಕ್ಕೇ ಎರಡು ವರ್ಷದಿಂದ ಆ ದಾರಿಗೆ ಹೋಗಿರಲಿಲ್ಲ. ಕಾಚಿಗೂಡದ ಚೌರಸ್ತಾದಲ್ಲಿ ಬೆಳಿಗ್ಗೆ ಕೂಲಿಯವರ ಅಡ್ಡಾ. ಏಳು ಗಂಟೆಗೆ ನೂರು ಜನ ಸೇರುತ್ತಾರೆ. ಮೇಸ್ತ್ರಿಗಳು ಟ್ರಾಲಿ ಆಟೊ ತಂದು ಬೇಕಾದವರನ್ನು ಹತ್ತಿಸಿಕೊಂಡು ಹೋಗುತ್ತಾರೆ. ಮರುದಿನ ಬೆಳಿಗ್ಗೆ ಅವಳು ಹೋದಳು. ಹೋಗುವಾಗ ಎರಡು ಸಲ ತಿರುಗಿ ಬಂದಳು. ಮೂರನೆಯ ಸಲ ಹೋದಳು.

ಪರಮೇಶ ಚಹಾದ ಬಂಡಿಯ ಹತ್ತಿರ ನಿಂತಿದ್ದ. ಅವಳನ್ನು ನೋಡಿದ ಕೂಡಲೇ ಗ್ಲಾಸು ಇಟ್ಟು ಬಂಡಿಯ ಹಿಂದೆ ಸರಿದ.

ಅಲ್ಲೇ ಗೋಡೆಗೆ ಕುಳಿತು ಎಲೆ ಹಾಕುತ್ತಿದ್ದ ಮುದುಕಿ ಯಂಕಮ್ಮ ನೋಡಿದಳು. ಅಡ್ಡಾದಲ್ಲಿ ಅವಳ ಬಾಯಿಗೆ ಎಲ್ಲರೂ ಹೆದರುತ್ತಿದ್ದರು. "ಏ ಪರಮೇಶಾ, ಹೆಣ್ಣಮಗಳನ್ನ ನೋಡಿ ಅಡಗ್ತೀಯಲ್ಲೋ. ಆಕಿ ಏನು ನಿನ್ನ ಮೀಸಿ ಕೀಳಾಕ ಬಂದಾಳೇನು? ಇದ್ದಾವ ನಾಕು ಕೂದಲ."

ಸುತ್ತಲಿನವರು ನಕ್ಕರು. ಪರಮೇಶ ಹೊರಗೆ ಬಂದ. ಅವನ ಕಣ್ಣು ನೆಲದ ಮೇಲಿತ್ತು. ಎರಡು ವರ್ಷದಲ್ಲಿ ಹತ್ತು ವರ್ಷ ಮುದುಕನಾಗಿದ್ದ.

"ಬಾ ಯಕ್ಕಾ" ಎಂದ.

ಗದಿಗೆಮ್ಮ ಸುತ್ತು ಬಳಸಲಿಲ್ಲ. ತಡಮಾಡಿದರೆ ಕಾಲು ತಿರುಗಿ ಓಡಿಬಿಡುತ್ತಿದ್ದವು. "ಆವತ್ತು ನಾ ಕರದಿದ್ದು ನಿನಗ ಕೇಳಿತ್ತೇನು?"

ಪರಮೇಶ ಇಟ್ಟಿದ್ದ ಗ್ಲಾಸನ್ನು ಮತ್ತೆ ಕೈಗೆತ್ತಿಕೊಂಡ.

"ಕೇಳಿತ್ತೇನು?"

"ಕೇಳಿತ್ತು."

ಸಾಕು, ಇಷ್ಟೇ ಸಾಕು, ತಿರುಗಿ ಹೋಗೋಣ ಅನ್ನಿಸಿತು. ಬಂಡಿಯ ಅಂಚು ಹಿಡಿದುಕೊಂಡಳು. "ನಾ ಕರದಾಗ ಅವರು ತಿರುಗಿದ್ರೇನು?"

ಪರಮೇಶ ಕಣ್ಣೆತ್ತಿ ಅವಳ ಮುಖ ನೋಡಿದ. ಅವನಿಗೆ ಆ ಪ್ರಶ್ನೆ ತಿಳಿಯಲಿಲ್ಲ.

"ತಿರುಗಾಕ ಅಣ್ಣ ಎಲ್ಲಿದ್ದ ಯಕ್ಕಾ? ನೀ ಕರಿಯೂ ಹೊತ್ತಿಗೆ ಹಲಗಿ ಮ್ಯಾಲ ಯಾರೂ ಇರಲಿಲ್ಲ. ಅಣ್ಣ ಹೋಗಿದ್ದ. ನಾ ಮಾರಿ ಮುಂದ ನಿಂತಿದ್ದೆ. ಚೀರಬೇಕಂದ್ರ ಬಾಯಿ ಬರಲಿಲ್ಲ. ಕೆಳಗಿಂದ ನೀ ಉಣ್ಣಾಕ ಬರ್ರೀ ಅಂದಿ. ಅದನ್ನ ಕೇಳಿ ನನಗ ಬಾಯಿ ಬಂತು. ಆಗ ಚೀರಿದೆ."

ಗದಿಗೆಮ್ಮ ಬಂಡಿ ಬಿಡಲಿಲ್ಲ. ಮೂಲೆ ಕಳಚುತ್ತದೆ, ಮೂಲೆ ಕಳಚುತ್ತದೆ, ಆಮೇಲೆ ದನಿ.

"ಮತ್ತ ನನ್ನ ಮುಂದ ಯಾಕ ಅಡಗಿದಿ ನೀ?"

"ನಿನಗ ಗೊತ್ತೈತಿ ಅಂದ್ಕೊಂಡಿದ್ದೆ."

"ಏನು?"

ಪರಮೇಶ ಸುತ್ತಲೂ ನೋಡಿ ದನಿ ತಗ್ಗಿಸಿದ. "ಆ ಗುಂಡಿ ಮ್ಯಾಲಿನ ಹಲಗಿ. ಅದರ ಕೆಳಗಿನ ಕಟ್ಟಿಗಿ ಮುಂಜಾನೆ ನಾನ ಬಿಚ್ಚಿದ್ದೆ. ಆ ಕಡಿ ಕಂಬಕ್ಕ ಕಡಿಮಿ ಬಿದ್ದಿತ್ತು. ಅಣ್ಣಗ ಹೇಳ್ಬೇಕು ಅಂದೆ. ಬೀಡಿ ಹಚ್ಚಿದೆ. ಮರತೆ." ಗ್ಲಾಸನ್ನು ಬಂಡಿಯ ಮೇಲಿಟ್ಟ. "ನೀ ಒಮ್ಮೆನೂ ನನ್ನ ಮಾತಾಡಿಸಲಿಲ್ಲ. ಗೊತ್ತಾಗೇತಿ, ಅದಕ್ಕ ಅಂತ ತಿಳದೆ. ದಿನಾ ಪೊಲೀಸ್ರನ್ನ ಕರಕೊಂಡು ಬರ್ತಿ ಅಂತ ಕಾದೆ."

ಅವನಿಗೆ ಹೊಡೆಯಬೇಕು ಎಂದು ಅವಳಿಗೆ ಅನ್ನಿಸಿತು. ಬಂಡಿಯ ಅಂಚನ್ನು ಇನ್ನೂ ಬಿಗಿಯಾಗಿ ಹಿಡಿದಳು. ಎರಡು ವರ್ಷ ಅವಳು ಇವನಿಗೆ ಹೆದರಿದ್ದಳು. ಎರಡು ವರ್ಷ ಇವನು ಅವಳಿಗೆ ಹೆದರಿದ್ದ. ಈ ನಡುವೆ ಅತ್ತೆ ಸತ್ತಿದ್ದಳು, ಅದೇ ನೋಟ ಇಟ್ಟುಕೊಂಡು.

ಮೇಸ್ತ್ರಿಯ ಟ್ರಾಲಿ ಆಟೊ ಬಂತು. "ಸೆಂಟ್ರಿಂಗಿಗೆ ಐದು ಜನ" ಎಂದು ಮೇಸ್ತ್ರಿ ಹಿಂದಿಯಲ್ಲಿ ಕೂಗಿದ. ಪರಮೇಶ ಅವಳ ಮುಂದೆ ಸ್ವಲ್ಪ ಹೊತ್ತು ನಿಂತ. ಅವನು ಹೋಗಿ ಹತ್ತಿದ. ಎಲ್ಲರಿಗಿಂತ ಹಿಂದೆ, ಹಿಂಬಾಗಿಲ ತಗಡಿಗೆ ಬೆನ್ನು ಕೊಟ್ಟು ಕುಳಿತ. ಅವನ ತಲೆಯ ಮೇಲೆ ಕಂಬಿಯಿಂದ ಕಂಬಿಗೆ, ಹಿಡಿದುಕೊಳ್ಳಲೆಂದು ಹಗ್ಗ ಕಟ್ಟಿತ್ತು.

ಗದಿಗೆಮ್ಮನಿಗೆ ಆ ತಗಡು ಕಂಡಿತು. ಎಡಗಡೆಯ ಕೊಂಡಿ ಹಾಕಿತ್ತು. ಬಲಗಡೆಯದು ಜೋತುಬಿದ್ದಿತ್ತು. ಡ್ರೈವರ್ ಗಾಡಿ ಚಾಲೂ ಮಾಡಿದ. ತಗಡು ಗಡಗಡ ಅಂದಿತು, ಎಡಗಡೆಯ ಕೊಂಡಿ ಮೇಲಕ್ಕೆ ಜಿಗಿಯಿತು. ಮುಂದೆ ರಸ್ತೆಯಲ್ಲಿ ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತಿದ್ದವು.

ಬೆನ್ನು ಇತ್ತ ಇತ್ತು. ಹೊರಟವನು. ಹಿಂದಿನಿಂದ ಕರೆಯಬಾರದು. ಕರೆದರೆ ತಿರುಗುತ್ತಾನೆ, ತಿರುಗಿದರೆ ತಗಡಿನ ಮೇಲೆ ಭಾರ ಬೀಳುತ್ತದೆ. ನಾಲಿಗೆ ಒಣಗಿ ಅಂಟಿಕೊಂಡಿತು. ಒಂದು. ಬೀಳಲಿ ಅಂತಲೂ ಅನ್ನಿಸಿತು. ಅದು ಅಂಜಿಕೆಯೋ ಸಿಟ್ಟೋ ಅವಳಿಗೆ ಗೊತ್ತಾಗಲಿಲ್ಲ. ಎರಡು.

"ಪರಮೇಶಾ, ತಿರುಗಬ್ಯಾಡ. ಹಗ್ಗ ಹಿಡಿ. ಹಿಂದಿನ ಕೊಂಡಿ ಹಾಕಿಲ್ಲ."

ಎಷ್ಟು ಜೋರಾಗಿ ಬಂತೆಂದರೆ ಯಂಕಮ್ಮನ ಬಾಯಿಂದ ಎಲೆ ಬಿತ್ತು. ಪರಮೇಶ ತಿರುಗಲಿಲ್ಲ. ಮೇಲಿನ ಹಗ್ಗಕ್ಕೆ ಕೈ ಹಾಕಿದ. ತಗಡು ಕಳಚಿ ಧಡ್ ಎಂದು ಕೆಳಗೆ ತೂಗುಬಿತ್ತು. ಅವನ ಕೆಳಗಿನ ಅರ್ಧ ಮೈ ಹೊರಗೆ ಜಾರಿತು, ಕೈ ಹಗ್ಗ ಬಿಡಲಿಲ್ಲ. ಉಳಿದವರು ಕಂಕುಳಿಗೆ ಕೈ ಕೊಟ್ಟು ಒಳಗೆ ಎಳೆದುಕೊಂಡರು. ಮೇಸ್ತ್ರಿ ಇಳಿದು ಬಂದು ಡ್ರೈವರನನ್ನು ಬೈದ, ಡ್ರೈವರ್ ಕೂಲಿಗಳನ್ನು ಬೈದ, ಎರಡೂ ಕೊಂಡಿ ಹಾಕಿದರು.

ಪರಮೇಶ ಗಾಡಿಯೊಳಗಿನಿಂದ ಅವಳನ್ನು ನೋಡುತ್ತಿದ್ದ. ಅವಳು ನೋಡಲಿಲ್ಲ. ನಾರಾಯಣಗೂಡದ ಕಡೆ ನಡೆದಳು.

ಆಫೀಸಿನಲ್ಲಿ ಸೃಜನ್ ಎದ್ದು ನಿಂತ. ಪೂರ್ವಿ ಅವನಿಗೆ ಎಷ್ಟು ಹೇಳಿದ್ದಳೋ. "ಅಮ್ಮ, ಆ ಹಲಗೇನ ತೆಗೆದೇ ಬಿಡ್ತೀನಿ" ಎಂದ.

"ತಗೀಬ್ಯಾಡ" ಎಂದಳು ಗದಿಗೆಮ್ಮ. ಮೂಲೆಯಲ್ಲಿ ಪೊರಕೆ ಅವಳು ಬಿಟ್ಟುಹೋದಲ್ಲೇ ಇತ್ತು. ನೆಲ ಮೂರು ದಿನದಿಂದ ಯಾರೂ ಗುಡಿಸಿರಲಿಲ್ಲ.

"ಮತ್ತೆ ಹಳೆಯದರ ಹಾಗೆ ಮೂರು ಎಣಿಕೆ ಕೊಡ್ಲಾ?"

ಅವಳು ಯೋಚಿಸಿದಳು. "ಎಣಿಕಿ ನಿನಗ ಬೇಕಾದಷ್ಟು ಇಟ್ಕೋ. ಬೀಳೂಕಿಂತ ಮೊದಲ ಅದು ಅಲುಗಾಡಬೇಕು. ನಿಂತಾಂವಗ ಗೊತ್ತಾಗಬೇಕು."

"ಎಷ್ಟು ಸಲ ಅಲುಗಾಡ್ಬೇಕು?"

"ಒಂದ ಸಲ ಸಾಕು."

ಸೃಜನ್ ಕುಳಿತು ಅದನ್ನು ಬರೆದುಕೊಂಡ. ಗದಿಗೆಮ್ಮ ಪೊರಕೆ ತೆಗೆದುಕೊಂಡಳು. ಪೂರ್ವಿ ಫೋನಿನಲ್ಲಿ ಮಾತಾಡುತ್ತ ಹೊರಗೆ ರಸ್ತೆಯ ಆಚೆ ನಿಂತಿದ್ದಳು. ಚಹಾ ಕುದಿದಾಗ ಗದಿಗೆಮ್ಮ ಬಾಗಿಲಿಗೆ ಬಂದಳು. ಪೂರ್ವಿಯ ಬೆನ್ನು ಇತ್ತ ಇತ್ತು. ಗದಿಗೆಮ್ಮ ಬಾಯಿ ತೆರೆದಳು, ಮುಚ್ಚಿದಳು. ರಸ್ತೆ ಖಾಲಿಯಾಗುವ ತನಕ ಕಾದಳು. ಎರಡೂ ಕಡೆ ನೋಡಿದಳು. ಆಮೇಲೆ ಕರೆದಳು.